ಷರಾ

ಜಾಡಿಯಲ್ಲಿ ಒಂದು ಲೀಟರ್ ಹಿಡಿದು
ಮೇಜಿನ ಮೇಲಿಟ್ಟು ಅರ್ಧ ಗಂಟೆ
ಅಲ್ಲಾಡಿಸದೆ ಕಾಯಬೇಕು.
ನನ್ನ ಕೆಲಸ ಬಹುಪಾಲು ಅದೇ.
ಹಿರಿಯೂರು ನಿನ್ನೆ ಉಂಡದ್ದು, ಉಜ್ಜಿದ್ದು, ತೊಳೆದದ್ದು
ರಾಗಿ ಅಂಬಲಿಯ ಬಣ್ಣದಲ್ಲಿ ಮೊದಲು ಕದಡಿ
ಆಮೇಲೆ, ಜಗಳ ಮುಗಿದ ಮನೆಯ ಹಾಗೆ,
ಮೆಲ್ಲಗೆ ತಳ ಸೇರುತ್ತದೆ.
ಮುನ್ನೂರರ ಗೆರೆಗೆ ಕೂತರೆ ಕ್ಷೇಮ.

ಪಾಲಯ್ಯನವರಿಗೆ ಜಾಡಿ ಬೇಕಿಲ್ಲ.
ಗಾಳಿ ಊದುವ ತೊಟ್ಟಿಯ ಕಟ್ಟೆಗೆ ಬಾಗಿ
ಮೂಗಿನಲ್ಲಿ ಒಮ್ಮೆ ಎಳೆದು
"ಮುನ್ನೂರಿಪ್ಪತ್ತು ಬರ್ಕಳಕ್ಕ" ಅನ್ನುತ್ತಾರೆ.
ತಪ್ಪಿದರೆ ಹತ್ತು ಹೆಚ್ಚು, ಹತ್ತು ಕಡಿಮೆ.
ನಾನು ಓದಿದ್ದು ಎಂಎಸ್ಸಿ.
ಅವರು ಇಪ್ಪತ್ತೆರಡು ವರ್ಷ ಗುಂಡಿಗೆ ಇಳಿದವರು.
ಒಂದು ಸಲ ಮೊದಲು ಇಳಿದ ತಮ್ಮ ಓಬಳೇಶ
ಮೇಲೆ ಬರಲಿಲ್ಲ.
"ಕೊಳೆತ ಮೊಟ್ಟೆ ವಾಸ್ನೆ ಬರೋ ತಂಕ ಭಯ ಇಲ್ಲ.
ಬರೋದು ನಿಂತೋದಾಗ ಓಡ್ಬೇಕು."
ಇಷ್ಟೇ ಹೇಳಿದ್ದು. ನಾನೂ ಹೆಚ್ಚು ಕೇಳಲಿಲ್ಲ.

ಊರು ಏಳುವುದು ಪೈಪಿಗೆ ಗೊತ್ತಾಗುತ್ತದೆ.
ಆರೂವರೆಗೆ ತುಂಬಿ ಬರುತ್ತದೆ,
ರಂಜಾನಿನಲ್ಲಿ ನಾಲ್ಕಕ್ಕೇ ಒಂದು ಅಲೆ,
ಯುಗಾದಿಯಂದು ನೀರಿನ ಮೇಲೆ
ಹರಳೆಣ್ಣೆಯ ಕಾಮನಬಿಲ್ಲು.
ಜರಡಿಗೆ ಸಿಕ್ಕುವುದು ಕೂದಲು, ಶಾಂಪೂ ಚೀಟಿ, ಹುಣಸೆ ಬೀಜ.
ಒಮ್ಮೆ ಯಾರದೋ ಹಲ್ಲಿನ ಸೆಟ್ಟು.
ತೊಳೆದು ಆಫೀಸಿನ ಕಿಟಕಿಯಲ್ಲಿಟ್ಟಿದ್ದೇವೆ.
ಎರಡು ವರ್ಷವಾಯಿತು, ಕೇಳಿಕೊಂಡು ಯಾರೂ ಬಂದಿಲ್ಲ.
ಕರೆಂಟು ಹೋದ ರಾತ್ರಿಗಳಲ್ಲಿ
ಇಲ್ಲಿ ನಗುವುದು ಅದೊಂದೇ.

ಹೋದ ಏಪ್ರಿಲ್‌ನಲ್ಲಿ ಹೋಯಿತು, ಹನ್ನೊಂದು ಗಂಟೆ.
ಡೀಸೆಲ್ಲಿಗೆ ನಾನು ಬರೆದ ಪತ್ರ
ನಗರಸಭೆಯ ಯಾವ ಮೇಜಿನಲ್ಲಿ ನಿದ್ದೆ ಹೋಗಿತ್ತೋ.
ಬ್ಲೋವರ್ ನಿಂತ ಮೇಲೆ ಗೊತ್ತಾದದ್ದು
ಇಷ್ಟು ದಿನ ನಾವು ಕೂಗಿ ಮಾತಾಡುತ್ತಿದ್ದೆವೆಂದು.
ತೊಟ್ಟಿಯೊಳಗೆ ಕೋಟಿ ಬಾಯಿ, ಉಸಿರಿಲ್ಲ.
ಸೂಕ್ಷ್ಮದರ್ಶಕದಲ್ಲಿ ನಾನು ಅವನ್ನು ಬಲ್ಲೆ:
ದಂಟಿನ ತುದಿಗೆ ಪುಟ್ಟ ಪುಟ್ಟ ಗಂಟೆ,
ಬೆದರಿದರೆ ಸುರುಳಿ ಸುತ್ತಿ ಕುಗ್ಗಿ
ಮತ್ತೆ ಹಸಿವಿಗೆ ನೀಳವಾಗುವಂಥವು.
ಒಂಬತ್ತನೆಯ ಗಂಟೆಗೆ ಪಾಲಯ್ಯ
ಹೊರಗೆ ನಿಂತಿದ್ದ ಸಕ್ಕಿಂಗ್ ಗಾಡಿಗೆ ಪೈಪು ತೂರಿ
ಬಾಯಲ್ಲೇ ಎಳೆದು ಎರಡು ಕ್ಯಾನು ತುಂಬಿಸಿದರು.
ಉಗಿದು, ಬಾಯಿ ಒರೆಸಿ, ತೊಟ್ಟಿ ತೋರಿಸಿ
"ಇದಕ್ಕಿಂತ ಅದೇ ವಾಸಿ" ಅಂದರು.
ಜನರೇಟರು ಕೆಮ್ಮಿ ಎದ್ದಿತು. ತಡವಾಗಿತ್ತು.
ಬೆಳಕಾದಾಗ ತೊಟ್ಟಿ ಕಾಡಿಗೆ ಕಪ್ಪು.
ಮಧ್ಯಾಹ್ನ ನನ್ನ ಹೆಸರಿಗೆ ನೋಟಿಸು,
ಗಾಡಿಯ ಡೀಸೆಲ್ಲಿನ ಬಗ್ಗೆ.

ಬೇಸಿಗೆಯಲ್ಲಿ ನಮ್ಮ ಪೈಪಿನಿಂದ ಮೇಲಕ್ಕೆ
ವೇದಾವತಿ ಬರೀ ಹೆಸರು:
ಮರಳು ತೋಡಿದ ಗುಂಡಿ, ಬಳ್ಳಾರಿ ಜಾಲಿ.
ಪೈಪಿನಿಂದ ಕೆಳಕ್ಕೆ
ನಾವು ಬಿಟ್ಟಷ್ಟು ಹೊಳೆ.
ಆ ಮೊಣಕಾಲುದ್ದದಲ್ಲಿ ಎಮ್ಮೆ, ಬೆಳ್ಳಕ್ಕಿ,
ಗಾಳ ಹಿಡಿದು ಶಾಲೆ ತಪ್ಪಿಸಿದ ಮೂವರು.
ಮದುವೆಮನೆಗಳಲ್ಲಿ ಎಲ್ಲಿ ಕೆಲಸವೆಂದು ಕೇಳಿದರೆ
ಹೊಳೆ ಇಲಾಖೆ ಅನ್ನುತ್ತೇನೆ,
ಎಲೆ ಮುಂದೆ ಕೂತವರಿಗೆ ಇನ್ನೇನು ಹೇಳಲಿ.
ಆ ಹತ್ತು ದಿನ ಮಾತ್ರ
ದಂಡೆಯ ಕಡೆಗೆ ನಾನು ಹೋಗಲಿಲ್ಲ.
ಬೆಳ್ಳಕ್ಕಿ ಹೋದವೆಂದು ವಾಚ್‌ಮನ್ ಹೇಳಿದ.

ಹನ್ನೊಂದನೆಯ ಬೆಳಿಗ್ಗೆ ಪಾಲಯ್ಯ
ಕಟ್ಟೆಗೆ ಬಾಗಿದರು. ಎಳೆದರು. ತಡೆದರು.
ಇನ್ನೊಮ್ಮೆ ಎಳೆದರು.
"ಕಡ್ಲೆಕಾಯಿ ಕಿತ್ತ ಹೊಲ ಇದ್ದಂಗೈತೆ ಕಣಕ್ಕ."

ನಮ್ಮ ನಮೂನೆಯಲ್ಲಿ ಪಿಎಚ್‌ಗೆ ಜಾಗವುಂಟು,
ಬಿಓಡಿಗೆ, ಕ್ಲೋರಿನ್ನಿಗೆ, ಹರಿದ ಲೀಟರುಗಳಿಗೆ ಉಂಟು,
ವಾಸನೆಗೆ ಕಾಲಂ ಇಲ್ಲ.
ಕೊನೆಯಲ್ಲಿ, ಎರಡು ಬೆರಳಗಲ, ಷರಾ.
ಅಲ್ಲಿ ಅವರಂದದ್ದನ್ನೇ ಬರೆದೆ.

ತಿಂಗಳ ಕೊನೆಗೆ ಪುಸ್ತಕ ವಾಪಸು ಬಂತು.
ಕಡ್ಲೆಕಾಯಿಯ ಕೆಳಗೆ ಕೆಂಪು ಗೆರೆ,
ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ,
ಅದರ ಮೇಲೆಯೇ ಸಾಹೇಬರ ಸಹಿ.