ಯಂತ್ರದ ಕೈ

ಅದಕ್ಕೆ ಕೈ ಇರಲಿಲ್ಲ, ಅದಕ್ಕೇ ನನ್ನನ್ನು ಕರೆದರು.
ಪರದೆಯಲ್ಲಿ ಮೂಡಿದ ನಡೆಯನ್ನು ಹಲಗೆಯ ಮೇಲೆ ನಡೆಸುವುದು,
ಗಡಿಯಾರ ಒತ್ತುವುದು,
ಮುಖದಲ್ಲಿ ಏನೂ ತೋರಿಸದಿರುವುದು.
ಕೂಲಿ, ಐದು ಲೀಟರ್ ಸೀಮೆಎಣ್ಣೆ.

ಯೆರೆವಾನಿನಲ್ಲಿ ಅದು ಕತ್ತಲೆಯ ಎರಡನೆಯ ಚಳಿಗಾಲ.
ದಿನಕ್ಕೊಂದು ಗಂಟೆ ಕರೆಂಟು, ಬಂದಾಗ ಬಂದಂತೆ.
ಮೊದಲು ಉದ್ಯಾನದ ಬೆಂಚು ಸುಟ್ಟೆವು,
ಆಮೇಲೆ ಮನೆಯ ನೆಲದ ಹಲಗೆ.
ಅಪ್ಪನ ಇಂಜಿನಿಯರಿಂಗ್ ಪುಸ್ತಕಗಳಲ್ಲಿ
ದಪ್ಪ ರಟ್ಟಿನವು ಚೆನ್ನಾಗಿ ಉರಿದವು.
ಅಂಥದರಲ್ಲಿ ಹ್ಯಾಂಬರ್ಗಿನಿಂದ ಬಂತು ಯಂತ್ರ,
ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ, ಮೊಟ್ಟೆ ಬಂದ ಹಾಗೆ.
ಆ ಹುಲ್ಲನ್ನೂ ಸುಟ್ಟೆವು.

ಎದುರಿಗೆ ಪಾರ್ಗೆವ್ ಮೆಲಿಕ್‌ಬೆಗ್ಯಾನ್.
ಬೆರಳು ಕತ್ತರಿಸಿದ ಕೈಗವಸು, ಎರಡು ಕೋಟು,
ಕಿಸೆಯಲ್ಲಿ ಬೇಯಿಸಿದ ಒಂದು ಆಲೂಗಡ್ಡೆ,
ತಿನ್ನಲಿಕ್ಕಲ್ಲ, ಕೈ ಬೆಚ್ಚಗಿಡಲಿಕ್ಕೆ.
ಲೋಕದ ಹತ್ತು ಜನರಲ್ಲಿ ಒಬ್ಬರು ಅವರೆಂದು
ಬ್ರೆಡ್ಡಿನ ಸಾಲಿನಲ್ಲಿ ನಿಂತ ಮುದುಕಿಗೂ ಗೊತ್ತಿತ್ತು.

ಸಭಾಂಗಣದಲ್ಲಿ ಮುನ್ನೂರು ಉಸಿರು, ಮುನ್ನೂರು ಹಬೆ.
ಎಲ್ಲರ ಬಾಯಲ್ಲೂ ಒಂದೇ: ಸಮವಾಯಿತೇ?
ಸಮವಾಯಿತೇ ಅದು, ನಮ್ಮವರಿಗೆ?
ಸಂತೆಗೆ ಬಂದ ಹೋರಿಯ ಎತ್ತರ ನೋಡುವವರಂತೆ
ಕಣ್ಣಲ್ಲೇ ಗೇಣು ಹಾಕುತ್ತಿದ್ದರು.

ಮೂವತ್ತೊಂದನೆಯ ನಡೆ. ಪಾರ್ಗೆವ್ ಒಂಟೆ ಇಟ್ಟು ಗಡಿಯಾರ ಒತ್ತಿದರು.
ಆರರವರೆಗೆ ಕೊಡುತ್ತೇವೆಂದಿದ್ದ ಕರೆಂಟು
ನಾಲ್ಕೂ ಇಪ್ಪತ್ತಕ್ಕೆ ಹೋಯಿತು.
ಪರದೆ ಒಂದು ಚುಕ್ಕಿಯಾಯಿತು, ಚುಕ್ಕಿಯೂ ಹೋಯಿತು.
ಗಡಿಯಾರ ಮಾತ್ರ ಕೀಲಿ ಕೊಟ್ಟದ್ದು,
ಯಂತ್ರದ ಪಾಲಿನ ಹೊತ್ತು ಟಿಕ್ ಟಿಕ್ಕೆಂದು ಸೋರುತ್ತಿತ್ತು.
ಉಳಿದದ್ದು ಹನ್ನೆರಡು ನಿಮಿಷ.
ತೀರ್ಪುಗಾರ ಕೆಮ್ಮಿದ. ನಿಯಮ ನಿಯಮವೇ.
ಸುಮ್ಮನೆ ಕೂತಿದ್ದರೆ ಸಾಕಿತ್ತು,
ಆಲೂಗಡ್ಡೆ ಹಿಡಿದುಕೊಂಡು.

ಕತ್ತಲಲ್ಲಿ ಅವರ ಕೈ ಬಂದು ಗಡಿಯಾರ ನಿಲ್ಲಿಸಿತು.
ನನಗೆ ಕಾಣಲಿಲ್ಲ, ಟಿಕ್ ನಿಂತದ್ದು ಕೇಳಿಸಿತು.

ಮೋಂಬತ್ತಿ ಬಂತು. ಯಾರೂ ಎದ್ದು ಹೋಗಲಿಲ್ಲ,
ಮನೆಯಲ್ಲೂ ಇಷ್ಟೇ ಕತ್ತಲು, ಇದಕ್ಕಿಂತ ಹೆಚ್ಚು ಚಳಿ.
"ನೀನಾದರೆ ಏನು ಆಡುತ್ತಿದ್ದೆ, ನುನೆ?"
ಕೈಯನ್ನು ಕೇಳುವವರುಂಟೇ?
ಅಂಚಿನ ಕಾಲಾಳನ್ನು ತೋರಿಸಿದೆ, ಒಂದೇ ಮನೆ.
ಅವರು ನೋಡಿದರು, ನೋಡುತ್ತಲೇ ಉಳಿದರು,
ಮೇಣ ಕುದುರೆಯ ಕತ್ತಿನ ಮೇಲೆ ಬಿದ್ದು ಗಟ್ಟಿಯಾಗುವವರೆಗೆ.
ಏನೂ ಹೇಳಲಿಲ್ಲ. ಆಲೂಗಡ್ಡೆಯಲ್ಲಿ ಅರ್ಧ ಕೊಟ್ಟರು.

ಎರಡು ಗಂಟೆಯ ಮೇಲೆ ದೀಪ.
ಯಂತ್ರಕ್ಕೆ ಎಲ್ಲ ಮರೆತಿತ್ತು,
ಅವರು, ಅವರ ಒಂಟೆ, ಆ ಮಧ್ಯಾಹ್ನ.
ಮೊದಲಿನಿಂದ ಎಲ್ಲ ನಡೆಗಳನ್ನೂ
ಕೂಸಿಗೆ ತುತ್ತಿಟ್ಟ ಹಾಗೆ ಒಂದೊಂದಾಗಿ ಒತ್ತಿದೆ.
ನುಂಗಿತು. ಮೂರು ನಿಮಿಷ ಬಿಟ್ಟು
ಆನೆಯನ್ನು ಮೂಲೆಗೆ ಸರಿಸೆಂದಿತು.
ಸಭೆ ನಕ್ಕಿತು, ನನ್ನ ಕೈಗೆ ನಾಚಿಕೆಯಾಯಿತು.
ಪಾರ್ಗೆವ್ ನಗಲಿಲ್ಲ.
ಹನ್ನೊಂದು ನಡೆಯ ಮೇಲೆ ರಾಜನನ್ನು ಮಲಗಿಸಿದರು.

ಕೋಟಿನ ಗುಂಡಿ ಹಾಕುತ್ತ ಕೇಳಿದರು:
"ಕತ್ತಲಲ್ಲಿ ಅದು ಯೋಚಿಸುತ್ತಿತ್ತೇ?"
ಇಲ್ಲ, ಎಂದೆ. ಕತ್ತಲಲ್ಲಿ ಅದು ಇರಲೇ ಇಲ್ಲ.
"ನಾನು ಯೋಚಿಸುತ್ತಿದ್ದೆ. ಎರಡು ಗಂಟೆ. ನಿನ್ನ ಕಾಲಾಳನ್ನು."
ಸೀಮೆಎಣ್ಣೆ ಡಬ್ಬಿಯ ಒಂದು ಬದಿ ಅವರು ಹಿಡಿದರು,
ಹಿಮದಲ್ಲಿ ಅಷ್ಟು ದೂರ, ಆಮೇಲೆ ಆರು ಮಹಡಿ.

ಪತ್ರಿಕೆ ಎರಡು ಸಾಲು ಬರೆಯಿತು. ಅಷ್ಟೇ ಕಾಗದವಿತ್ತು.

ಮೊನ್ನೆ ತಂಗಿಯ ಮಗನ ಫೋನಿನಲ್ಲಿ
ನೆನಪಿನಿಂದ ಆ ಹಲಗೆ ಜೋಡಿಸಿದೆ.
ಈಗ ಫೋನಿನೆದುರು ಲೋಕದ ಯಾರೂ ನಿಲ್ಲರು,
ಆ ಪ್ರಶ್ನೆಯನ್ನು ಯಾರೂ ಕೇಳುವುದೂ ಇಲ್ಲ.
ಕಾಲಾಳನ್ನು ಒಂದು ಮನೆ ಮುಂದಿಟ್ಟೆ.
ರೆಪ್ಪೆ ಬಡಿಯುವುದರೊಳಗೆ ಸೊನ್ನೆ ಬಂತು.
"ಸೊನ್ನೆ ಅಂದರೆ ಸಮ, ದೊಡ್ಡಮ್ಮ," ಎಂದ ಹುಡುಗ.
ಹಾಗಾದರೆ ಆ ಆನೆ?
ತಪ್ಪು, ಎಂದಿತು ಫೋನು, ದೊಡ್ಡ ತಪ್ಪು.
ಒಂಟೆ ಒಂದೇ ಹೆಜ್ಜೆ ಹಿಂದೆ ಸರಿದಿದ್ದರೆ
ಗೆಲುವು ಪಾರ್ಗೆವ್‌ರದು.

ಅವರು ಹೋಗಿ ಒಂಬತ್ತು ವರ್ಷ.
ಹುಡುಗ ಫೋನು ಕಿತ್ತುಕೊಂಡು ಬೇರೆ ಆಟಕ್ಕೆ ಹೋದ.
ಮಡಿಲಲ್ಲಿ ನನ್ನ ಬಲಗೈ.
ಅದನ್ನು ಯಾವ ಕಡೆ ಇಡಲಿ ಎಂದು ತಿಳಿಯದೆ
ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.