ಎಂಬತ್ತೆಂಟು ಮನೆಗಳ ಊರು

ಫುಂಶಾಲ್ ಬಂದರಿಗೆ ಹಡಗು ಬೆಳಿಗ್ಗೆ ಏಳಕ್ಕೆ ತಾಗುತ್ತದೆ,
ಸಂಜೆ ಐದಕ್ಕೆ ಬಿಡುತ್ತದೆ.
ನಡುವೆ ತರಕಾರಿ ಏರುತ್ತದೆ, ಕೊಳೆಬಟ್ಟೆ ಇಳಿಯುತ್ತದೆ,
ನಾನು ಏರಿ ಇಳಿಯುತ್ತೇನೆ:
ಚರ್ಮದ ಚೀಲ, ಶ್ರುತಿಕವೆ, ಒಂದು ಸುತ್ತಿಗೆ.
ಸುತ್ತಿಗೆ ಯಾತಕ್ಕೆಂದು ಕಾವಲಿನವ ಪ್ರತಿಸಲವೂ ಕೇಳುತ್ತಾನೆ.

ಹನ್ನೊಂದನೆಯ ಅಂತಸ್ತು, ಮೂತಿಯ ಕಡೆಯ ಕೋಣೆ.
ಕೋಣೆಯೇ? ನನ್ನ ಮನೆ ಅದರ ಬಚ್ಚಲಲ್ಲಿ ಹಿಡಿಸುತ್ತದೆ.
ಕಿಟಕಿ ಬದಿಗೆ ಪಿಯಾನೊ, ಕರಿ ಮೆರುಗಿನದು,
ಮೂರು ಕಾಲಿಗೂ ಹಿತ್ತಾಳೆಯ ತಿರುಪು ಜಡಿದು
ನೆಲಕ್ಕೆ ಬಿಗಿದಿದ್ದಾರೆ,
ಓಡಿಹೋಗುವ ದನವನ್ನು ಗೂಟಕ್ಕೆ ಕಟ್ಟಿದ ಹಾಗೆ.

"ಮುನ್ನೂರ ಇಪ್ಪತ್ತು ಕಿಲೋ," ಅನ್ನುತ್ತಾನೆ ಎಂಜಿನ್ನಿನ ದ್ರಾಗುಟಿನ್.
"ಅಷ್ಟು ಭಾರಕ್ಕೆ ನಾಲ್ಕು ಜನ ಬರುತ್ತಿದ್ದರು,
ನಾಲ್ವರೂ ದುಡ್ಡು ಕೊಡುತ್ತಿದ್ದರು."
"ಫೋಟೊಗೆ ಬೇಕು," ಅನ್ನುತ್ತಾನೆ ಅತಿಥಿ ವಿಭಾಗದ ಟೊರ್ಗೈರ್.
"ತೆಗೆದರೆ ಆ ಮೂಲೆ ಬರೀ ಮೂಲೆ."
ನಾನು ಏನೂ ಅನ್ನುವುದಿಲ್ಲ. ನನ್ನದು ಗಂಟೆ ಲೆಕ್ಕದ ಕೂಲಿ.

ಮುಚ್ಚಳ ಎತ್ತಿದರೆ ಒಳಗೆ
ಒಂದು ಆಲಿವ್ ಬೀಜ, ಕಿವಿಯಂತ್ರದ ಬ್ಯಾಟರಿ.
ಕಳೆದ ಸಲ ಹಲ್ಲಿತ್ತು, ಚಿನ್ನದ್ದು. ಕೊಟ್ಟುಬಿಟ್ಟೆ.

ಉಪ್ಪು ತಿಂದವ ನೀರು ಕುಡಿಯಬೇಕಂತೆ.
ಇದು ಎರಡನ್ನೂ ಕಂಡಿದೆ.
ಬೇಸಿಗೆಗೆ ನಾರ್ವೆ, ಚಳಿಗೆ ಬಾರ್ಬಡೋಸ್,
ಹಲಗೆ ಅಲ್ಲಿ ಕುಗ್ಗಿ ಇಲ್ಲಿ ಹಿಗ್ಗಿ
ಯಾವ ಊರಿನ ಶ್ರುತಿಗೂ ಒಗ್ಗದೆ ನಿಂತಿದೆ.
ಬಿಳಿಯವು ಐವತ್ತೆರಡು, ಕರಿಯವು ಮೂವತ್ತಾರು,
ಎಂಬತ್ತೆಂಟು ಮನೆಗಳ ಊರು.
ಒಂದರಲ್ಲೂ ಒಲೆ ಹೊತ್ತಿಸಿದ ಗುರುತಿಲ್ಲ.

ಊರು ಸುತ್ತುವವಳು ಒಬ್ಬಳೇ,
ಕೋಣೆ ನೋಡಿಕೊಳ್ಳುವ ಲುಜ್ವಿಮಿಂದಾ, ಇಲೋಯಿಲೋ ಕಡೆಯವಳು.
ಹತ್ತು ಗಂಟೆಗೆ ಒದ್ದೆಬಟ್ಟೆ
ಮಂದ್ರದಿಂದ ತಾರಕ್ಕೆ ಒಂದೇ ಎಳೆತ.
"ನುಡಿಸೋಕೆ ಬರುತ್ತಾ?" ಕೇಳಿದ್ದೆ.
"ಇಲ್ಲ. ಆಸೆಯೂ ಇಲ್ಲ.
ಕಪ್ಪಿನ ಮೇಲೆ ಬೆರಳಚ್ಚು ಕಾಣುತ್ತೆ,
ದಿನಕ್ಕೆ ಹನ್ನೆರಡು ನಿಮಿಷ ಹೆಚ್ಚು ಕೆಲಸ."
ನಾನು ಕೇಳಿದ ವಿಮರ್ಶೆಗಳಲ್ಲಿ ಇದೇ ಚೊಕ್ಕ.

ಮಾರ್ಚಿನಲ್ಲಿ ಮಾತ್ರ ಕೋಣೆಯ ಯಜಮಾನ ಒಳಗೇ ಇದ್ದ.
ಆಕೆಂಡನ್ ಎಂಬ ಮುದುಕ, ಚಪ್ಪಲಿ ಕಳಚಿ,
ನಾನು ಒಂದೇ ಸ್ವರವನ್ನು ನಲವತ್ತು ಸಲ ತಟ್ಟುವುದನ್ನು
ಕಣ್ಣುಮುಚ್ಚಿ ಕೇಳುತ್ತ ಕೂತ, ಎರಡು ಗಂಟೆ.
ಕೊನೆಗೆ ಚಪ್ಪಾಳೆ ತಟ್ಟಿ, "ಇದು ಯಾರ ಕೃತಿ?" ಅಂದ.
"ಸ್ವಾಮಿ, ಇನ್ನೂ ಶುರುವೇ ಆಗಿಲ್ಲ."
"ಹಾಗಾದರೆ ಅದನ್ನೇ ಇನ್ನೊಮ್ಮೆ."

ಕಾಮರ ದ ಲೋಬುಶ್‌ನ ಶಾಲೆಯಲ್ಲಿ ಇನ್ನೊಂದಿದೆ,
ಏಳು ಮನೆ ಬಿದ್ದುಹೋದದ್ದು.
ಆ ಜಾಗ ಬಂದಾಗ ಮೀನುಗಾರರ ಮಕ್ಕಳು
ಬಾಯಲ್ಲೇ ಸ್ವರ ತುಂಬಿ ಮುಂದೆ ಹೋಗುತ್ತವೆ.
ಇದನ್ನು ಕಿತ್ತು ಅಲ್ಲಿಡಬಾರದೇ, ಅನ್ನುತ್ತಾಳೆ ನನ್ನ ಹೆಂಡತಿ ಡೆಲ್ಫೀನಾ,
ಊಟಕ್ಕಿಲ್ಲದ ಉಪ್ಪಿನಕಾಯಿ ಯಾರಿಗೆ ಬೇಕು?
ನಿಜ. ಆದರೆ ಮರುದಿನದಿಂದ
ಆ ಮಕ್ಕಳು ಬಾಯಿ ಮುಚ್ಚಿಬಿಡುತ್ತವಲ್ಲ,
ಅದಕ್ಕೆ ಏನು ಹೇಳಲಿ?

ಐದು ಗಂಟೆ. ಕಟ್ಟೆಯ ಮೇಲೆ ಕೂತಿದ್ದೇನೆ.
ಹಡಗು ಕೂಗಿತು.
ಶ್ರುತಿಕವೆ ಮೊಣಕಾಲಿಗೆ ಬಡಿದು
ಹಲ್ಲಿಗೆ ಹಿಡಿದು ನೋಡಿದೆ:
ಕೂದಲೆಳೆ ಕೆಳಗಿದೆ, ಅಷ್ಟು ದೊಡ್ಡ ಹಡಗು.
ಅದನ್ನು ಕೂಡಿಸಲು ಯಾರೂ ನನ್ನನ್ನು ಕರೆದಿಲ್ಲ.

ಮೇಲೆ, ಬೀಗ ಹಾಕಿದ ಕೋಣೆಯಲ್ಲಿ,
ಬಲತುದಿಯ ತಂತಿಗಳಿಗೆ ತಡೆ ಇರುವುದಿಲ್ಲ;
ಯಾವ ಸದ್ದಿಗೂ ತಾವಾಗಿ ನಡುಗುವ ಜಾತಿ.
ಈಗ ಓಗೊಡಲು ನೋಡುತ್ತಿರುತ್ತವೆ,
ಕೂದಲೆಳೆಯಲ್ಲಿ ತಪ್ಪಿಹೋಗುತ್ತಿರುತ್ತದೆ.

ತಪ್ಪು ನನ್ನದಲ್ಲ.
ಇವತ್ತಷ್ಟೇ ಕೂಡಿಸಿ ಬಂದಿದ್ದೇನೆ.