ಗಾಳಿಯ ಲೆಕ್ಕ

ಬಾಲ್ಖಾಶ್ ಸರೋವರದ ಬಡಗಣ ಬಯಲು.
ಮರವೆಂಬುದಿಲ್ಲ, ಮರೆಯೆಂಬುದಿಲ್ಲ.
ಉಪ್ಪುಮಣ್ಣಿನ ಮೇಲೆ ಯಾರೋ ಎಳೆದು
ಅಳಿಸಲು ಮರೆತ ಜೋಡಿಗೆರೆ, ನಮ್ಮ ಹಳಿ.
ಜನವರಿಯಲ್ಲಿ ಸೊನ್ನೆಗೆ ನಲವತ್ತು ಕೆಳಗೆ,
ಜುಲೈಯಲ್ಲಿ ಸೊನ್ನೆಗೆ ನಲವತ್ತು ಮೇಲೆ.
ನಡುವಿನ ಎಂಬತ್ತು ಮೆಟ್ಟಿಲನ್ನು
ವರ್ಷಕ್ಕೊಮ್ಮೆ ಹತ್ತಿ ಇಳಿಯುತ್ತದೆ ಉಕ್ಕು,
ಕಾಲಿಲ್ಲದೆ.

ನನಗೆ ಇದೆಲ್ಲ ಬಾಯಿಪಾಠ.
ಡಿಗ್ರಿಯೊಂದಕ್ಕೆ ಹತ್ತು ಲಕ್ಷದಲ್ಲಿ
ಹನ್ನೆರಡು ಪಾಲು ಹಿಗ್ಗುವುದು ಉಕ್ಕು,
ತಾಮ್ರ ಹದಿನೇಳು, ಹಿತ್ತಾಳೆ ಹತ್ತೊಂಬತ್ತು,
ಅಲ್ಯೂಮಿನಿಯಂ ಇಪ್ಪತ್ತಮೂರು; ಅದರದು ಸಡಿಲ ನಾಲಿಗೆ,
ತುಸು ಬಿಸಿ ತಾಗಿದರೆ ಸಾಕು, ಎಲ್ಲ ಹೇಳಿಬಿಡುತ್ತದೆ.
ನಿಕ್ಕಲ್ ಬೆರೆತ ಇನ್ವಾರ್ ಎಂಬುದೊಂದಿದೆ,
ಒಂದೂಕಾಲು ಪಾಲಷ್ಟೇ,
ಏನು ಕೇಳಿದರೂ ‘ಹೂಂ’ ಎನ್ನುವವರ ಜಾತಿ.
ಉದ್ದದಿಂದ ಗುಣಿಸು, ತಾಪದ ಅಂತರದಿಂದ ಗುಣಿಸು:
ಒಂದು ಕಿಲೋಮೀಟರು ಹಳಿ, ಎಂಬತ್ತು ಡಿಗ್ರಿ,
ತೊಂಬತ್ತಾರು ಸೆಂಟಿಮೀಟರು.
ಮೂರು ವರ್ಷದ ಮಗುವಿನ ಎತ್ತರ.

ಹಳೆಯ ಹಳಿಗೆ ಇಪ್ಪತ್ತೈದು ಮೀಟರಿಗೊಂದು ಸಂದಿತ್ತು,
ಉಸಿರಾಡಲು. ಗಾಲಿ ಅದನ್ನು ಟಕ್ಕೆಂದು ಎಣಿಸುತ್ತಿತ್ತು.
ಈಗ ಸಂದು ಬೆಸೆದಿದ್ದೇವೆ. ಪ್ರಯಾಣಿಕರಿಗೆ ಒಳ್ಳೆಯ ನಿದ್ದೆ,
ಹಳಿಗೆ ಇಲ್ಲ.
ಹಿಗ್ಗಲು ಬಿಡದ ಉಕ್ಕು ಹಿಗ್ಗುವುದಿಲ್ಲ, ನೂಕುತ್ತದೆ:
ಡಿಗ್ರಿಗೆ ಎರಡು ಟನ್ನು.
ಉದ್ದ ಇಲ್ಲಿ ಲೆಕ್ಕಕ್ಕಿಲ್ಲ.
ಗೇಣುದ್ದವಿರಲಿ ಗಾವುದವಿರಲಿ
ಕಟ್ಟಿಹಾಕಿದ್ದರ ಸಿಟ್ಟು ಒಂದೇ.

ಜುಲೈ ಹದಿನೇಳು, ಮಧ್ಯಾಹ್ನ.
ಹಾಸಿನ ಜಲ್ಲಿ ತೆಗೆಯಲು ಅನುಮತಿ ಕೊಡುವವಳು ನಾನು.
ಮೂವತ್ತೈದಕ್ಕೆ ಬಿಗಿದ ಹಳಿ, ಈ ಹೊತ್ತು ಮೂವತ್ತೆಂಟು,
ಅಂತರ ಮೂರು, ನೂಕು ಆರು ಟನ್ನು:
ಕೆಲಸ ನಡೆಯಲಿ, ಸಹಿ, ಝಾನಾರ್ ಇ.
ಹನ್ನೆರಡು ಸ್ಲೀಪರು ಬರಿಮೈಯಾಗುವ ಹೊತ್ತಿಗೆ
ಆಚೆ ತುದಿಯಿಂದ ಬಂದ ಮೇಸ್ತ್ರಿ ತುಲೆಗೆನ್
ಚೀಟಿ ಓದಿದ. ಓದಿ ಮಡಿಸಿದ.
ಕಂಬಳಿಚೀಲದಿಂದ ತಾಪಮಾಪಕ ತೆಗೆದು
ಹಳಿಯ ನೆರಳುಬದಿಗೆ ಅಂಟಿಸಿ ಕೂತ.
ಪಾದರಸ ಏರಿತು, ಏರಿತು,
ಐವತ್ತೊಂಬತ್ತರಲ್ಲಿ ನಿಂತಿತು.

‘ಮೂವತ್ತೆಂಟು ಗಾಳಿಯದು, ಮಗಳೇ.
ರೈಲು ಗಾಳಿಯ ಮೇಲೆ ಓಡುತ್ತದೆಯೆ?’

ಅಂತರ ಇಪ್ಪತ್ತನಾಲ್ಕು. ಒಂದೊಂದು ಹಳಿಗೂ
ನಲವತ್ತೆಂಟು ಟನ್ನು.
ನಾನು ಗುಣಿಸಿ ಮುಗಿಸುವ ಮುನ್ನ
ಹಳಿ ಗುಣಿಸಿ ಮುಗಿಸಿತ್ತು.
ಸದ್ದು ದೊಡ್ಡದೇನಲ್ಲ, ಹೊದಿಕೆ ಕೊಡವಿದಂತೆ.
ನೇರಗೆರೆ ನೋಡನೋಡುತ್ತ ಹಾವಾಗಿ
ಎರಡು ಗೇಣು ಪಕ್ಕಕ್ಕೆ ಮಲಗಿತು.

ತುಲೆಗೆನ್ ಓಡಿದ. ಅರವತ್ತರ ಮುದುಕ,
ಕೆಂಪು ಬಾವುಟ ಬೀಸುತ್ತ, ಒಂದು ಬೂಟು ಕಳಚಿ ಬಿದ್ದರೂ ನಿಲ್ಲದೆ.
ಜೆಜ್ಕಜ್ಗನ್ ಕಡೆಯಿಂದ ತಾಮ್ರ ಹೊತ್ತ ಗಾಡಿ
ಮುನ್ನೂರು ಮೀಟರು ಈಚೆ ಕಿರುಚಿ ನಿಂತಿತು.
ಯಾರೂ ಸಾಯಲಿಲ್ಲ. ಇದನ್ನು
ನಾನು ಆಗಾಗ ಜೋರಾಗಿ ಹೇಳಿಕೊಳ್ಳುತ್ತೇನೆ.

ವರದಿಯಲ್ಲಿ ‘ಕಾರಣ’ ಎಂಬ ಅಂಕಣ.
‘ಬಿಸಿಲು’ ಎಂದು ಬರೆದುಬಿಡಿ ಎಂದರು ಕಚೇರಿಯವರು.
ಬಿಸಿಲಿಗೇನು, ಅದು ಸಹಿ ಹಾಕುವುದಿಲ್ಲ.
ನನ್ನ ಹೆಸರು ಬರೆದೆ.

ರಾತ್ರಿ ದೀಪ ಹಿಡಿದು ಸೊಟ್ಟ ತುಂಡು ಕೊಯ್ದರು.
ನಿದ್ದೆ ಬರಲಿಲ್ಲ. ಹಳೆಯ ಲೆಕ್ಕ ತೆಗೆದು ನೋಡಿದೆ:
ಆ ಎಂಬತ್ತು ಮೆಟ್ಟಿಲೂ ಗಾಳಿಯವೇ.
ಹಳಿಯವು ನೂರು.
ಮೂರು ವರ್ಷದ ನನ್ನ ಮಗು ಅಷ್ಟರಲ್ಲಿ
ಶಾಲೆಗೆ ಹೋಗುವಷ್ಟು ಎತ್ತರವಾಗಿತ್ತು.

ಬೆಳಗಿನ ಐದು. ತುಲೆಗೆನ್
ಕಳಚಿದ ಬೂಟಿನೊಳಗಿನ ಜಲ್ಲಿ ಕೊಡವುತ್ತಿದ್ದ.
ಹಳಿಯ ಪಕ್ಕ ಮೊಣಕಾಲೂರಿ ಕೂತೆ, ಕಾದೆ.
ಹದಿನೆಂಟು.
ಬರೆದುಕೊಂಡೆ.
ಗಾಳಿಯ ಅಂಕಣ ಖಾಲಿ ಬಿಟ್ಟೆ.